ಸೂಚನಾ ಫಲಕದಲ್ಲಿದ್ದ ಏಳು ಕಾಲಂ

ಕೆಲವು ವರ್ಷಗಳ ಹಿಂದಿನ ಮಾತು. ಕೊಪ್ಪಳ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿವೇತನದ ಕೆಲಸ ನನ್ನ ಪಾಲಿಗೆ ಬಂದಿತ್ತು. ಅರ್ಜಿಯಲ್ಲಿ ಏನಾದರೊಂದು ಕೊರತೆ ಉಳಿದವರ ಪಟ್ಟಿಯನ್ನು ರಾತ್ರಿ ಕೂತು ಟೈಪ್ ಮಾಡಿ, ಮರುದಿನ ಬೆಳಿಗ್ಗೆ ಪ್ರಾಂಶುಪಾಲರ ಸಹಿ ಪಡೆದು, ಸೂಚನಾ ಫಲಕಕ್ಕೆ ನನ್ನ ಕೈಯಾರೆ ಅಂಟಿಸಿದೆ. ಅದರಲ್ಲಿ ಏಳು ಕಾಲಂಗಳಿದ್ದವು: ಕ್ರಮ ಸಂಖ್ಯೆ, ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಜಾತಿ ಮತ್ತು ಪ್ರವರ್ಗ, ವಾರ್ಷಿಕ ಆದಾಯ, ಮೊಬೈಲ್ ಸಂಖ್ಯೆ, ಷರಾ. ಷರಾ ಕಾಲಂನಲ್ಲಿ ‘ಆರ್.ಡಿ. ಸಂಖ್ಯೆ (ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಸಂಖ್ಯೆ) ತಪ್ಪಿದೆ’, ‘ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ’ ಎಂದೆಲ್ಲ ಬರೆದಿದ್ದೆ. ಹುಡುಗರು ಫಲಕದ ಮುಂದೆ ಮುಗಿಬಿದ್ದು ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಆ ಹಾಳೆ ಎಲ್ಲ ತರಗತಿಗಳ ವಾಟ್ಸಾಪ್ ಗುಂಪುಗಳಲ್ಲಿತ್ತು. ವಿಷಯ ಎಲ್ಲರಿಗೂ ಮುಟ್ಟಿತೆಂದು ನನಗೆ ಸಮಾಧಾನವೇ ಆಗಿತ್ತು.

ಹದಿನೈದು ದಿನಗಳ ನಂತರ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳು ಎರಡನೆಯ ವರ್ಷದ ವಿದ್ಯಾರ್ಥಿನಿ. ಹತ್ತು ದಿನಗಳಿಂದ ತರಗತಿಗೆ ಬಂದಿರಲಿಲ್ಲ. ಗುರುತಿಲ್ಲದ ಮೂರು ನಾಲ್ಕು ನಂಬರುಗಳಿಂದ ರಾತ್ರಿ ಹೊತ್ತು ಕರೆ ಬರತೊಡಗಿ, ಫೋನು ಅಣ್ಣನ ಕೈ ಸೇರಿತ್ತು. ಫೋನಿನ ಬೆನ್ನಿಗೇ ಕಾಲೇಜೂ ನಿಂತಿತ್ತು. ‘ಸರ, ನಮ್ಮ ಹುಡುಗಿ ನಂಬರ ಗ್ವಾಡಿಗೆ ಯಾಕ ಹಚ್ಚಿದ್ರಿ?’ ಎಂದು ಆ ತಾಯಿ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ಕಾಲೇಜಿನವರು ಹಚ್ಚಿದ್ದಾರೆಂದರೆ ಏನೋ ಕಾರಣ ಇರಲೇಬೇಕು, ಅದನ್ನು ತಿಳಿದುಕೊಂಡು ಹೋಗಿ ಮಗನಿಗೆ ಹೇಳಬೇಕು ಎನ್ನುವಂತೆ ಕೇಳಿದರು. ಹೇಳಲು ನನ್ನ ಬಳಿ ಕಾರಣವಿರಲಿಲ್ಲ. ಕೊರತೆ ಸರಿಪಡಿಸಿಕೊಳ್ಳಿ ಎಂದು ತಿಳಿಸಲು ನೋಂದಣಿ ಸಂಖ್ಯೆಯೂ ಷರಾವೂ ಇದ್ದರೆ ಸಾಕಿತ್ತು. ಜಾತಿ, ಆದಾಯ, ಮೊಬೈಲ್ ಸಂಖ್ಯೆಗಳನ್ನು ನಾನು ಸೇರಿಸಿದ್ದು, ಹಿಂದಿನ ವರ್ಷದ ಪಟ್ಟಿಯಲ್ಲಿ ಅವು ಇದ್ದವು ಎಂಬ ಒಂದೇ ಕಾರಣಕ್ಕೆ.

ಆ ಹುಡುಗಿ ಮತ್ತೆ ತರಗತಿಗೆ ಬಂದಳು, ಪದವಿಯನ್ನೂ ಮುಗಿಸಿದಳು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯ ದಾಖಲೆ ಯಾರ ಯಾರ ಕೈ ದಾಟುತ್ತದೆ ಎಂಬುದನ್ನು ಗಮನಿಸುತ್ತ ಬಂದಿದ್ದೇನೆ. ಗಮನಿಸಿದಷ್ಟೂ ಒಂದು ಸಂಗತಿ ಸ್ಪಷ್ಟವಾಗುತ್ತಿದೆ. ಗುಮಾಸ್ತರು, ಉಪನ್ಯಾಸಕರು, ಸಹಪಾಠಿಗಳು, ಜೆರಾಕ್ಸ್ ಅಂಗಡಿಯವರು ಎಲ್ಲರೂ ಅದನ್ನು ನೋಡುತ್ತಾರೆ. ಅದು ಯಾರದೋ ಆ ವಿದ್ಯಾರ್ಥಿ ಮಾತ್ರ ತನ್ನ ಕಡತವನ್ನು ಒಮ್ಮೆಯೂ ಬಿಡಿಸಿ ನೋಡಿರುವುದಿಲ್ಲ.

ಆ ಕಡತದಲ್ಲಿ ಏನಿರುತ್ತದೆ ಎಂಬುದನ್ನು ಎಣಿಸಿ ನೋಡಬೇಕು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು, ಟಿ.ಸಿ., ಆಧಾರ್ ಪ್ರತಿ, ಭಾವಚಿತ್ರಗಳು. ಇಷ್ಟು ಎಲ್ಲರದ್ದರಲ್ಲೂ ಇರುತ್ತದೆ. ಮೀಸಲಾತಿ ಅಥವಾ ವಿದ್ಯಾರ್ಥಿವೇತನ ಬೇಕಾದವರು ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಹಾಸ್ಟೆಲ್ ಬೇಕಿದ್ದರೆ ಮತ್ತಷ್ಟು ಪತ್ರಗಳನ್ನು ಸೇರಿಸಬೇಕು. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಪದರವಿದೆ. ಸಂವಿಧಾನದ 371ಜೆ ವಿಧಿಯ ಅನ್ವಯ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾಗಿವೆ. ಅದಕ್ಕಾಗಿ ಸಹಾಯಕ ಆಯುಕ್ತರ ಕಚೇರಿಯಿಂದ ತರುವ ಪ್ರಮಾಣಪತ್ರದ ಹಿಂದೆ ಕುಟುಂಬ ಎಲ್ಲಿ ಎಷ್ಟು ವರ್ಷ ನೆಲೆಸಿತ್ತು ಎಂಬ ಪುರಾವೆಗಳೆಲ್ಲ ಇರುತ್ತವೆ. ಹೀಗೆ ಅನುಕೂಲವಂತರ ಮನೆಯ ವಿದ್ಯಾರ್ಥಿಯ ಕಡತ ಐದಾರು ಹಾಳೆಗಳಲ್ಲಿ ಮುಗಿದರೆ, ಕೂಲಿಕಾರರ ಮನೆಯ ವಿದ್ಯಾರ್ಥಿಯದು ಇಪ್ಪತ್ತು ಹಾಳೆ ದಾಟುತ್ತದೆ. ಸರ್ಕಾರದಿಂದ ಯಾರಿಗೆ ಹೆಚ್ಚು ನೆರವು ಬೇಕೋ ಅವರೇ ತಮ್ಮ ಮನೆಯ ವಿಷಯವನ್ನು ಹೆಚ್ಚು ಬಿಚ್ಚಿಡಬೇಕಾಗುತ್ತದೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಅರ್ಹತೆಯನ್ನು ಪರಿಶೀಲಿಸಲೇಬೇಕು. ಆದರೆ ಬಿಚ್ಚಿಟ್ಟದ್ದನ್ನು ಪರಿಶೀಲಿಸಿದ ಮೇಲೆ ಮತ್ತೆ ಮಡಚಿಡುವ ಜವಾಬ್ದಾರಿ, ಬಿಚ್ಚಿಸಿದವರದೇ.

ಖಾಸಗಿತನವೆಂದರೆ ಪಟ್ಟಣದವರ, ಓದಿದವರ ವಿಷಯ ಎಂಬ ಭಾವನೆ ನಮ್ಮ ಸ್ಟಾಫ್ ರೂಮುಗಳಲ್ಲಿ ಈಗಲೂ ಇದೆ. ಅದನ್ನು ಮೂಲಭೂತ ಹಕ್ಕೆಂದು ಸಾರಿದ ತೀರ್ಪಿನಲ್ಲಿ ಕನ್ನಡಿಗರೊಬ್ಬರ ಹೆಸರಿದೆ ಎಂಬುದನ್ನು ನಾನು ಪ್ರತಿ ವರ್ಷ ಮೊದಲ ಸೆಮಿಸ್ಟರಿನವರಿಗೆ ಹೇಳುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದ 21ನೆಯ ವಿಧಿಯೊಳಗೇ ಇರುವ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ, ಸರ್ಕಾರದ ಸಹಾಯಧನದಂಥ ಸೌಲಭ್ಯಗಳಿಗೆ ಆಧಾರ್ ಕೇಳುವುದನ್ನು ನ್ಯಾಯಾಲಯ ಒಪ್ಪಿತಾದರೂ, ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. ಪದವಿ ಪ್ರಮಾಣಪತ್ರಗಳ ಮೇಲೆ ಆಧಾರ್ ಸಂಖ್ಯೆಯನ್ನು ಪೂರ್ತಿಯಾಗಿ ಮುದ್ರಿಸಲು ಅನುಮತಿಯಿಲ್ಲ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರ ಸೆಪ್ಟೆಂಬರ್‌ನಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಪತ್ರ ಬರೆಯಿತು. ಅಂಥ ಪತ್ರ ಬರೆಯಬೇಕಾಗಿ ಬಂದದ್ದೇ ನಮ್ಮ ಅಭ್ಯಾಸ ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ತೋರಿಸುತ್ತದೆ. ಘಟಿಕೋತ್ಸವದಲ್ಲಿ ಪಡೆದ ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ನಾವು.

ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳಿಗೆ ಸಿದ್ಧವಾಗಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಯಾವ ಉದ್ದೇಶಕ್ಕೆ ಮಾಹಿತಿ ಪಡೆದರೋ ಅದಕ್ಕಷ್ಟೇ ಬಳಸಬೇಕು, ಸುರಕ್ಷಿತವಾಗಿ ಇಡಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು, ತನ್ನ ಬಗ್ಗೆ ಏನಿದೆ ಎಂದು ನೋಡುವ ಮತ್ತು ತಪ್ಪಿದ್ದರೆ ತಿದ್ದಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಇರಬೇಕು ಎಂಬುದು ಅದರ ಸಾರ. ನಮ್ಮ ಕಾಲೇಜುಗಳ ಮಟ್ಟಿಗೆ ಅದರಲ್ಲಿ ಎರಡು ಸೂಕ್ಷ್ಮಗಳಿವೆ. 18 ತುಂಬದವರನ್ನು ಕಾಯ್ದೆ ಮಕ್ಕಳೆಂದೇ ಪರಿಗಣಿಸುತ್ತದೆ. ಪಿಯುಸಿಯವರೆಲ್ಲ ಬಹುತೇಕ ಆ ವಯಸ್ಸಿನವರು, ಪದವಿಯ ಮೊದಲ ಸೆಮಿಸ್ಟರಿನಲ್ಲೂ ಹದಿನೇಳೂವರೆ ವಯಸ್ಸಿನವರು ಹಲವರು ಸಿಗುತ್ತಾರೆ. ಇನ್ನೊಂದು, ಈ ಕಾಯ್ದೆ ಡಿಜಿಟಲ್ ರೂಪದಲ್ಲಿರುವ ಅಥವಾ ಆ ರೂಪಕ್ಕೆ ತಂದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ಬೀರುವಿನಲ್ಲಿ ದಾರ ಕಟ್ಟಿಟ್ಟ ಕಾಗದದ ಕಡತವನ್ನು ಅದು ಮುಟ್ಟುವುದಿಲ್ಲ. ಆ ಕಾಗದವನ್ನು ಕಾಯಬೇಕಾದದ್ದು ವಿಶ್ವವಿದ್ಯಾಲಯದ ಸ್ವಂತ ನಿಯಮ.

ಅಷ್ಟು ದೂರದ ಕಾಯ್ದೆಗಿಂತ ನನಗೆ ಹೆಚ್ಚು ಕಳವಳ ತರುವುದು ಕಾಲೇಜಿನ ಎದುರಿನ ಆನ್‌ಲೈನ್ ಸೆಂಟರು. 2021-22ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಶುಲ್ಕ, ಪರೀಕ್ಷೆ ಎಲ್ಲವೂ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶಕ್ಕೆ ಬಂದವು. ವಿದ್ಯಾರ್ಥಿವೇತನ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿದೆ, ಅಂಕಪಟ್ಟಿ ಡಿಜಿಲಾಕರ್‌ನಲ್ಲಿದೆ, ಕ್ರೆಡಿಟ್‌ಗಳ ಲೆಕ್ಕಕ್ಕೆ ಅಪಾರ್ ಎಂಬ ವಿದ್ಯಾರ್ಥಿ ಗುರುತಿನ ಸಂಖ್ಯೆ ಬಂದಿದೆ. ಇವೆಲ್ಲ ವಿದ್ಯಾರ್ಥಿಯೇ ತನ್ನ ಮೊಬೈಲ್‌ನಲ್ಲಿ ಮಾಡಿಕೊಳ್ಳಲಿ ಎಂದು ರೂಪಿಸಿದ ವ್ಯವಸ್ಥೆಗಳು. ಆದರೆ ಕುಷ್ಟಗಿ, ಕುಕನೂರು, ಕನಕಗಿರಿ ಕಡೆಯಿಂದ ಬಸ್ಸು ಹಿಡಿದು ಬರುವ ಮಕ್ಕಳು ಅದನ್ನೆಲ್ಲ ಮಾಡಿಸುವುದು ಅಂಗಡಿಯಲ್ಲಿ. ಒಮ್ಮೆ ಒಬ್ಬ ವಿದ್ಯಾರ್ಥಿಯ ಅರ್ಜಿ ಸಿಕ್ಕಿಹಾಕಿಕೊಂಡಿತೆಂದು ನಾನೇ ಅವನೊಂದಿಗೆ ಹೋಗಿದ್ದೆ. ಅಂಗಡಿಯವರು ಒಳ್ಳೆಯ ಮನುಷ್ಯ, ಹಣವಿಲ್ಲದವರಿಗೆ ಉದ್ರಿ ಬರೆದುಕೊಂಡು ಕೆಲಸ ಮಾಡಿಕೊಡುವವರು. ಅವರ ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಪುಟಕ್ಕೆ ಹತ್ತು ಹನ್ನೆರಡು ಹೆಸರು. ಪ್ರತಿ ಹೆಸರಿನ ಮುಂದೆ ಲಾಗಿನ್ ಐಡಿ, ಪಾಸ್‌ವರ್ಡ್, ಆಧಾರ್ ಸಂಖ್ಯೆ. ಪಾಸ್‌ವರ್ಡ್ ಎಲ್ಲರದ್ದೂ ಒಂದೇ. ಮನೆಯಲ್ಲಿ ಫೋನಿಲ್ಲದ ಮಕ್ಕಳ ಓಟಿಪಿ ಅಂಗಡಿಯವರ ನಂಬರಿಗೇ ಬರುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ‘ಡಿಗ್ರಿ ಹುಡುಗರು’ ಎಂಬ ಹೆಸರಿನ ಫೋಲ್ಡರಿನಲ್ಲಿ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು ವರ್ಷವಾರು ಕೂತಿದ್ದವು. ‘ಮತ್ತ ಮತ್ತ ಸ್ಕ್ಯಾನ್ ಮಾಡೋದು ಬ್ಯಾಡಂತ ಇಟಗೊಂಡೀನ್ರಿ’ ಎಂದರು.

ಅವರನ್ನು ದೂರಲು ನನಗೆ ಮನಸ್ಸಿಲ್ಲ. ಕಾಲೇಜು ಮಾಡಬೇಕಾದ ಕೆಲಸವನ್ನು ಅವರು ಮಾಡುತ್ತಿದ್ದಾರೆ. ಕಂಪ್ಯೂಟರ್ ಕೊಠಡಿಯನ್ನು ಪ್ರವೇಶದ ತಿಂಗಳುಗಳಲ್ಲಿ ಸಂಜೆಯವರೆಗೆ ತೆರೆದಿಟ್ಟು, ಅಂತಿಮ ವರ್ಷದ ನಾಲ್ಕಾರು ವಿದ್ಯಾರ್ಥಿಗಳನ್ನು ನೆರವಿಗೆ ಕೂರಿಸಿ, ಪಾಸ್‌ವರ್ಡನ್ನು ನೀನೇ ಇಟ್ಟುಕೋ, ಯಾರಿಗೂ ಹೇಳಬೇಡ ಎಂದು ಹೇಳಿಕೊಟ್ಟಿದ್ದರೆ ಆ ನೋಟ್‌ಬುಕ್ ಹುಟ್ಟುತ್ತಲೇ ಇರಲಿಲ್ಲ. ಆಧಾರ್‌ನ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ, ಉಳಿದವು ಮುಚ್ಚಿದ ಪ್ರತಿಯನ್ನು ಉಚಿತವಾಗಿ ಇಳಿಸಿಕೊಳ್ಳಬಹುದು ಎಂಬುದೂ ನಮ್ಮ ಹೆಚ್ಚಿನ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ನಿಜ ಹೇಳಬೇಕೆಂದರೆ ಅದನ್ನು ಕೇಳಿ ಪಡೆಯುವ ನಮಗೂ ತಿಳಿದಿರಲಿಲ್ಲ.

ಇನ್ನು ವಿದ್ಯಾರ್ಥಿ ತನ್ನ ದಾಖಲೆಯನ್ನು ತಾನೇ ನೋಡುವ ವಿಷಯ. ಪರೀಕ್ಷೆ ಬರೆದವರಿಗೆ ತಮ್ಮ ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2011ರ ಆಗಸ್ಟ್‌ನಲ್ಲಿಯೇ, ಸಿಬಿಎಸ್‌ಇ ಪ್ರಕರಣದಲ್ಲಿ, ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ಹೇಳಿಯಾಗಿದೆ. ಮೌಲ್ಯಮಾಪಕರ ಹೆಸರು, ಸಹಿ ಕಾಣದಂತೆ ಮುಚ್ಚಿ ಕೊಡಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ನೋಡುವವರ ಹಕ್ಕನ್ನೂ ತಿದ್ದಿದವರ ಸುರಕ್ಷತೆಯನ್ನೂ ಒಟ್ಟಿಗೆ ಕಾಯ್ದ ಆ ವಿವೇಕ ನನಗೆ ಬಹಳ ಮೆಚ್ಚುಗೆಯಾದದ್ದು. ಉತ್ತರ ಪತ್ರಿಕೆಗೆ ಅಷ್ಟು ದಾರಿಯಾದರೂ ಇದೆ. ಪ್ರವೇಶದ ಕಡತ, ಹಾಜರಾತಿಯ ದಾಖಲೆ, ಆಂತರಿಕ ಅಂಕಗಳ ಪಟ್ಟಿ, ವಿದ್ಯಾರ್ಥಿಯ ಮೇಲೆ ಯಾರಾದರೂ ಕೊಟ್ಟ ದೂರು ಇವುಗಳನ್ನು ತೋರಿಸಿ ಎಂದು ಕೇಳಲು ಯಾವ ಮೇಜಿನ ಮುಂದೆ ನಿಲ್ಲಬೇಕು ಎಂಬುದನ್ನು ಪ್ರವೇಶದ ವೇಳೆ ಕೊಡುವ ಕಾಲೇಜಿನ ಕೈಪಿಡಿಯಲ್ಲಿ ನಾನು ಎಲ್ಲಿಯೂ ಓದಿಲ್ಲ. ಶೇ. 75ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

ಮೂಲ ಪ್ರಮಾಣಪತ್ರಗಳದ್ದಂತೂ ಹಳೆಯ ಗೋಳು. ಪರಿಶೀಲಿಸಿದ ಕೂಡಲೇ ಮೂಲ ಪ್ರತಿಗಳನ್ನು ಮರಳಿಸಬೇಕು, ಯಾವ ಸಂಸ್ಥೆಯೂ ಅವನ್ನು ತನ್ನ ಬಳಿ ಇರಿಸಿಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಧಿಸೂಚನೆಯಲ್ಲಿ ಖಚಿತವಾಗಿ ಹೇಳಿದೆ. ಬಾಕಿ ಶುಲ್ಕಕ್ಕೆ ಒತ್ತೆಯಾಗಿ ಅಂಕಪಟ್ಟಿ ಹಿಡಿದಿಟ್ಟುಕೊಳ್ಳುವವರ ಮುಂದೆ ಆ ಅಧಿಸೂಚನೆಯ ಪ್ರತಿ ಇಟ್ಟರೆ ಸಾಕು, ಹೆಚ್ಚಿನ ಸಂದರ್ಭಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ.

ದಾಖಲೆ ಎಲ್ಲಿದೆ ಎಂಬುದೇ ಗೊತ್ತಾಗದ ಕಷ್ಟ ನಮ್ಮ ಜಿಲ್ಲೆಗೆ ವಿಶೇಷವಾಗಿ ಇದೆ. 2010ಕ್ಕೆ ಮೊದಲು ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆರಂಭವಾದಾಗ ಬಳ್ಳಾರಿಯೊಂದಿಗೆ ಕೊಪ್ಪಳವೂ ಅದಕ್ಕೆ ಸೇರಿತು. ಮುಂದೆ ರಾಯಚೂರಿಗೂ, 2023ರಲ್ಲಿ ಕೊಪ್ಪಳಕ್ಕೂ ಪ್ರತ್ಯೇಕ ವಿಶ್ವವಿದ್ಯಾಲಯಗಳಾದವು. ಹೀಗಾಗಿ ಒಂದೇ ಮನೆಯ ಅಕ್ಕನ ಅಂಕಗಳ ಮೂಲ ದಾಖಲೆ ಕಲಬುರಗಿಯಲ್ಲಿ, ತಮ್ಮನದು ಬಳ್ಳಾರಿಯಲ್ಲಿ, ತಂಗಿಯದು ಕೊಪ್ಪಳದಲ್ಲಿ ಇರುವುದುಂಟು. 2025ರ ಆರಂಭದಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಶಿಫಾರಸು ಬಂದು, ಅದರಲ್ಲಿ ಕೊಪ್ಪಳದ ಹೆಸರೂ ಇದ್ದಾಗ, ಇರಬೇಕೋ ಬೇಡವೋ ಎಂಬ ಚರ್ಚೆ ಜೋರಾಗಿ ನಡೆಯಿತು. ಈಗಾಗಲೇ ಸೇರಿದವರ ದಾಖಲೆಗಳು ಎಲ್ಲಿಗೆ ಹೋಗುತ್ತವೆ, ಅವನ್ನು ಯಾರು ಎಣಿಸಿ ಒಪ್ಪಿಸುತ್ತಾರೆ, ಯಾರು ಎಣಿಸಿ ಪಡೆಯುತ್ತಾರೆ ಎಂದು ಆಗ ನಮ್ಮ ವಿದ್ಯಾರ್ಥಿಗಳು ನನ್ನನ್ನು ಕೇಳಿದ ಪ್ರಶ್ನೆ ಆ ಚರ್ಚೆಯಲ್ಲಿ ನನಗೆ ಕೇಳಿಸಲಿಲ್ಲ.

ಖಾಸಗಿತನದ ಹೆಸರಿನಲ್ಲಿ ಎಲ್ಲವನ್ನೂ ಮುಚ್ಚಿಡಬೇಕೆಂಬುದು ನನ್ನ ಮಾತಲ್ಲ, ಇದನ್ನು ಒತ್ತಿ ಹೇಳಬೇಕಾಗಿದೆ. ಪ್ರವೇಶದ ಆಯ್ಕೆ ಪಟ್ಟಿಯಲ್ಲಿ ಪ್ರವರ್ಗವೂ ಅಂಕವೂ ಕಾಣಲೇಬೇಕು. ಪ.ಜಾ., ಪ.ಪಂ., ಪ್ರವರ್ಗ-1, 2ಎ, 371ಜೆ ಸೀಟುಗಳು ಸರಿಯಾದವರಿಗೆ ಸಿಕ್ಕವೋ ಇಲ್ಲವೋ ಎಂದು ಸೀಟು ಸಿಗದ ವಿದ್ಯಾರ್ಥಿಗೆ ಪರಿಶೀಲಿಸಲು ಬೇರೆ ದಾರಿಯಿಲ್ಲ; ಅಲ್ಲಿ ಮುಚ್ಚಿಟ್ಟರೆ ಅನ್ಯಾಯಕ್ಕೆ ಆಸರೆ ಕೊಟ್ಟಂತಾಗುತ್ತದೆ. ಆದರೆ ಆ ಪಟ್ಟಿಗೂ ಮೊಬೈಲ್ ಸಂಖ್ಯೆ ಬೇಕಾಗಿಲ್ಲ, ಪ್ರವೇಶ ಮುಗಿದ ಮೇಲೂ ಅದು ವರ್ಷಗಟ್ಟಲೆ ಜಾಲತಾಣದಲ್ಲಿ ಉಳಿಯಬೇಕಾಗಿಲ್ಲ. ಹೊಸ ದತ್ತಾಂಶ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಮೊದಲಿಗಿಂತ ವಿಶಾಲವಾದ ವಿನಾಯಿತಿ ಕೊಟ್ಟಿರುವುದು ಈ ಕಾರಣಕ್ಕೆ ನನಗೆ ಆತಂಕ ತಂದಿದೆ. ವಿದ್ಯಾರ್ಥಿಯನ್ನು ಕಾಯಬೇಕಾದ ಮಾತು ಆಡಳಿತವನ್ನು ಕಾಯುವ ಗುರಾಣಿಯಾಗಬಾರದು.

ತಂದೆತಾಯಿಯರ ವಿಷಯ ಇದಕ್ಕಿಂತ ಕಠಿಣ. ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಫರ್ಪಾ ಎಂಬ ಕಾಯ್ದೆಯ ಪ್ರಕಾರ, ವಿದ್ಯಾರ್ಥಿಗೆ 18 ತುಂಬಿದಾಗ ಅಥವಾ ಕಾಲೇಜು ಸೇರಿದಾಗ ದಾಖಲೆಯ ಮೇಲಿನ ಹಕ್ಕು ಪಾಲಕರಿಂದ ಅವರ ಕೈಗೆ ಬರುತ್ತದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅವರ ಒಪ್ಪಿಗೆಯಿಲ್ಲದೆ ಅಂಕಗಳನ್ನು ಯಾರಿಗೂ ಕೊಡುವಂತಿಲ್ಲ, ತನ್ನ ದಾಖಲೆ ನೋಡಬೇಕೆಂದು ಕೇಳಿದವರಿಗೆ 45 ದಿನಗಳೊಳಗೆ ತೋರಿಸಬೇಕು. ಆ 45 ದಿನಗಳ ಗಡುವು ನಮಗೂ ಬೇಕು. ಆದರೆ ಪಾಲಕರನ್ನು ಹಾಗೆ ಪೂರ್ತಿ ಹೊರಗಿಡುವುದು ನಮ್ಮ ಊರುಗಳಲ್ಲಿ ನನ್ನಿಂದಾಗದು. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು ಶುಲ್ಕ ಕಟ್ಟಿದ ತಂದೆ ಒಂದು ದಿನದ ಪಗಾರ ಬಿಟ್ಟು ಬಂದು, ‘ನಮ್ಮ ಹುಡುಗ ಹೆಂಗ ಓದಾಕತ್ಯಾನ್ರಿ’ ಎಂದು ಕೇಳಿದಾಗ, ಅದು ನಿಮಗೆ ಸಂಬಂಧಪಡದ ಮಾಹಿತಿ ಎಂದು ಹೇಳುವ ನಾಲಗೆ ನನಗಿಲ್ಲ. ಹಾಗೆಯೇ ಹಾಜರಾತಿಯ ಒಂದು ಸಂದೇಶ ಮನೆಗೆ ಹೋದದ್ದೇ ನೆಪವಾಗಿ ಹುಡುಗಿಯ ಓದು ನಿಂತುಹೋದದ್ದನ್ನೂ ಕಂಡಿದ್ದೇನೆ. ಅದಕ್ಕೇ ಒಂದು ರೂಢಿ ಮಾಡಿಕೊಂಡಿದ್ದೇನೆ: ಪಾಲಕರು ಬಂದರೆ ವಿದ್ಯಾರ್ಥಿಯನ್ನು ಕರೆಸಿ, ಅವರ ಎದುರಿಗೇ ಮಾತಾಡುತ್ತೇನೆ. ಅಂಕ, ಹಾಜರಾತಿ ಹೇಳುತ್ತೇನೆ. ಯಾರ ಜೊತೆ ಕೂರುತ್ತಾಳೆ, ಯಾರ ಜೊತೆ ಕ್ಯಾಂಟೀನಿಗೆ ಹೋಗುತ್ತಾಳೆ ಎಂಬುದು ಕಾಲೇಜಿನ ದಾಖಲೆಯಲ್ಲ. ಅದನ್ನು ಕೇಳಿದರೆ ಉತ್ತರಿಸುವುದಿಲ್ಲ.

ವಿಶ್ವವಿದ್ಯಾಲಯಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ ವಿಶ್ವವಿದ್ಯಾಲಯಗಳಿಗೆ ತಮ್ಮ ನಿಯಮಗಳನ್ನು ತಾವೇ ರೂಪಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ವಿದ್ಯಾವಿಷಯಕ ಪರಿಷತ್ತು ಮತ್ತು ಸಿಂಡಿಕೇಟು ಮನಸ್ಸು ಮಾಡಿದರೆ, ಯಾವ ಪಟ್ಟಿಯಲ್ಲಿ ಯಾವ ಕಾಲಂ ಇರಬಹುದು, ಯಾವ ಪತ್ರವನ್ನು ಎಷ್ಟು ವರ್ಷ ಇಡಬೇಕು, ತನ್ನ ಕಡತ ನೋಡಬೇಕೆಂದ ವಿದ್ಯಾರ್ಥಿಗೆ ಎಷ್ಟು ದಿನಗಳಲ್ಲಿ ತೋರಿಸಬೇಕು, ತಪ್ಪಿದ್ದರೆ ಯಾರು ತಿದ್ದಬೇಕು ಎಂಬುದನ್ನು ನಾಲ್ಕು ಪುಟಗಳ ಕನ್ನಡದಲ್ಲಿ ಬರೆದು ಎಲ್ಲ ಕಾಲೇಜುಗಳಿಗೂ ಕಳಿಸಬಹುದು. ಅಂಕಗಳ ದಾಖಲೆ ಶಾಶ್ವತವಾಗಿ ಇರಲಿ. ಪದವಿ ಮುಗಿಸಿದವರ ಪಾಸ್‌ಬುಕ್ ಪ್ರತಿ, ಪಡಿತರ ಚೀಟಿ ಪ್ರತಿಗಳು ಬೀರುವಿನಲ್ಲಿ ಕೊಳೆಯುತ್ತ, ಕೊನೆಗೊಂದು ದಿನ ತೂಕದ ಲೆಕ್ಕದಲ್ಲಿ ರದ್ದಿಗೆ ಹೋಗುವುದು ಬೇಡ.

ನಿಯಮ ಬರುವವರೆಗೆ ಕಾಯದೆ ನಾನು ನನ್ನ ವಿಭಾಗದಲ್ಲಿ ಒಂದು ಕೆಲಸ ಆರಂಭಿಸಿದ್ದೇನೆ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಎರಡು ಶನಿವಾರ, ಅಂತಿಮ ವರ್ಷದವರು ಒಬ್ಬೊಬ್ಬರಾಗಿ ಬಂದು ತಮ್ಮ ಕಡತವನ್ನು ತಾವೇ ಓದುತ್ತಾರೆ. ಮೊದಲ ವರ್ಷ ಹೀಗೆ ಬಂದ ಒಬ್ಬ ಹುಡುಗ ಹಾಳೆಗಳನ್ನು ತಿರುವುತ್ತ ಹೋಗಿ ಒಂದು ಕಡೆ ಬೆರಳಿಟ್ಟು ನಿಂತ. ‘ಸರ, ಇದು ನಂದಲ್ಲ’ ಎಂದ. ಪ್ರವೇಶದ ಹಾಳೆಯಲ್ಲಿ ಪ್ರವರ್ಗ-1 ಎಂದಿರಬೇಕಾದ ಕಡೆ ‘ಸಾಮಾನ್ಯ’ ಎಂದು ಯಾರೋ ಬರೆದಿದ್ದರು. ಅದನ್ನೇ ತಂತ್ರಾಂಶಕ್ಕೂ ಏರಿಸಲಾಗಿತ್ತು. ಎರಡು ವರ್ಷ ಅವನು ಪೂರ್ತಿ ಶುಲ್ಕ ಕಟ್ಟಿದ್ದ. ಜಾತಿ ಪ್ರಮಾಣಪತ್ರ ಅದೇ ಕಡತದಲ್ಲಿ, ಆ ಹಾಳೆಯಿಂದ ಮೂರು ಪುಟ ಹಿಂದೆಯೇ ಇತ್ತು. ವಿಶ್ವವಿದ್ಯಾಲಯಕ್ಕೆ ಬರೆದು ಮೂರನೆಯ ವರ್ಷಕ್ಕೆ ಸರಿಪಡಿಸಿದೆವು. ಹಿಂದಿನ ಎರಡು ವರ್ಷಗಳ ಹಣ ಮರಳಿಸಬೇಕೆಂದು ಅವನು ಕೊಟ್ಟ ಮನವಿಗೆ ಉತ್ತರ ಬಂದಿಲ್ಲ. ಅದರ ಸ್ವೀಕೃತಿ ಪ್ರತಿಗೆ ಪುಟ ಸಂಖ್ಯೆ ಹಾಕಿ ಅವನೇ ಆ ಕಡತಕ್ಕೆ ದಾರ ಕಟ್ಟಿ ಹೋಗಿದ್ದಾನೆ.